ಕೆನ್ನೆ ತುಂಬುವ ಲೋಳೆಗಳು

ಕೆನ್ನೆಯೆಂದರೆ ಬರಿಯ ಚರ್ಮವಲ್ಲ. ಚರ್ಮದಡಿಯಲ್ಲಿ ಕೊಬ್ಬಿನ ಸಣ್ಣ ಸಣ್ಣ ಮೆತ್ತೆಗಳೂ, ಅವುಗಳ ಕೆಳಗೆ ಕೆನ್ನೆಮೂಳೆಯೂ ಉಂಟು. ವಯಸ್ಸು ಏರಿದಂತೆ ಈ ಮೆತ್ತೆಗಳು ಕುಗ್ಗುತ್ತವೆ. ಮೂಳೆಯೂ ಅಷ್ಟಿಷ್ಟು ಸವೆಯುತ್ತದೆ. ಆಧಾರ ತಪ್ಪಿದ ಚರ್ಮವು ಆಗ ಜೋಲುತ್ತದೆ. ಕೆಲವು ರೋಗಗಳಲ್ಲಿ ತಾರುಣ್ಯದಲ್ಲಿಯೇ ಕೆನ್ನೆ ಗುಳಿಬೀಳುವುದುಂಟು. ಈ ಗುಳಿಯನ್ನು ಸೂಜಿಯ ಮೂಲಕ ಒಂದು ಲೋಳೆಯಿಂದ ತುಂಬುವ ಪದ್ಧತಿ ಇಂದು ಲೋಕದಲ್ಲೆಲ್ಲ ಹರಡಿದೆ. ಈ ಲೋಳೆಗಳಿಗೆ ಫಿಲ್ಲರ್ ಎಂದು ಹೆಸರು. ಅವುಗಳ ಜಾಹೀರಾತು ಮೊಬೈಲಿನ ಮೂಲಕ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಊರುಗಳಿಗೂ ತಲುಪಿರುವುದರಿಂದ, ಆ ಕಡೆಯ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು: ಯಾವ ಫಿಲ್ಲರ್ ಒಳ್ಳೆಯದು? ಹೇಗೆ ಚುಚ್ಚಿದರೆ ಅಪಾಯವಿಲ್ಲ? ಉತ್ತರ ಹೇಳಬೇಕಾದವರು ವೈದ್ಯರೇ. ಆದರೆ ಆ ಉತ್ತರದ ಬಹುಭಾಗವು ನಾವು ತರಗತಿಯಲ್ಲಿ ಕಲಿಸುವ ಒತ್ತಡ, ಸ್ನಿಗ್ಧತೆ, ಸ್ಥಿತಿಸ್ಥಾಪಕತ್ವ ಎಂಬ ಮೂರು ಮಾತುಗಳಲ್ಲಿ ಅಡಗಿದೆ.

ಈ ಪ್ರಯತ್ನ ಹೊಸದೇನೂ ಅಲ್ಲ. 1893ರಲ್ಲಿ ಜರ್ಮನಿಯ ಶಸ್ತ್ರವೈದ್ಯ ನಾಯ್ಬರ್ ಎಂಬಾತನು ರೋಗಿಯ ತೋಳಿನ ಕೊಬ್ಬನ್ನೇ ತೆಗೆದು ಮುಖದ ಕುಳಿಯನ್ನು ತುಂಬಿದನು. 1899ರಲ್ಲಿ ವಿಯೆನ್ನಾದ ಗೆರ್ಸುನಿ ವ್ಯಾಸಲೀನನ್ನು ಕರಗಿಸಿ ದೇಹದೊಳಕ್ಕೆ ಚುಚ್ಚಿದನು. ಬಹುಬೇಗ ಪ್ಯಾರಫಿನ್ ಮೇಣವನ್ನೂ ಜನರ ಮುಖಕ್ಕೆ ಚುಚ್ಚತೊಡಗಿದರು. ಮೊದಮೊದಲು ಎಲ್ಲವೂ ಚೆನ್ನಾಗಿಯೇ ಕಂಡಿತು. ವರ್ಷಗಳು ಕಳೆದ ಮೇಲೆ ಮೇಣವು ಗಂಟುಕಟ್ಟಿತು, ಇಟ್ಟ ಸ್ಥಳದಿಂದ ಜಾರಿತು, ಕೆಲವರ ಮುಖವನ್ನೇ ವಿಕಾರಗೊಳಿಸಿತು. ಅದನ್ನು ಹೊರತೆಗೆಯುವ ದಾರಿಯಿರಲಿಲ್ಲ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಹಯಲ್ಯೂರಾನಿಕ್ ಆಮ್ಲ. ಇದನ್ನು 1934ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬವರು ದನದ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ಇದು ನಮ್ಮ ಚರ್ಮದಲ್ಲಿಯೂ ಕೀಲುಗಳಲ್ಲಿಯೂ ಸಹಜವಾಗಿಯೇ ಇರುವ ಪದಾರ್ಥ. ಸಕ್ಕರೆಯ ಘಟಕಗಳು ಸರಪಳಿಯಂತೆ ಸೇರಿ ಆದ ಉದ್ದನೆಯ ಅಣು. ದೇಹವು ಇದನ್ನು ದಿನವೂ ಒಡೆದು ಹೊಸದನ್ನು ಕಟ್ಟುತ್ತಿರುವುದರಿಂದ, ಇದ್ದಂತೆಯೇ ಚುಚ್ಚಿದರೆ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. ಆದುದರಿಂದ ಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬೆಸೆದು ಬಲೆಯಂತೆ ಮಾಡುತ್ತಾರೆ. ಈ ಬಲೆಯು ನೀರನ್ನು ಹಿಡಿದು ಲೋಳೆಯಾಗುತ್ತದೆ, ಒಂದೆರಡು ವರ್ಷ ಬಾಳುತ್ತದೆ. 1 ಮಿಲಿಲೀಟರ್ ಲೋಳೆಯಲ್ಲಿ ಆಮ್ಲವಿರುವುದು ಸುಮಾರು 20 ಮಿಲಿಗ್ರಾಂ ಮಾತ್ರ. ಮಿಕ್ಕದ್ದೆಲ್ಲ ಬಹುಪಾಲು ನೀರೇ. ಇಷ್ಟರಿಂದ ಏನಾದೀತೆಂದು ವಾಚಕರು ಸಂಶಯಪಡಬಹುದು. 1 ಘನ ಸೆಂಟಿಮೀಟರ್ ಲೋಳೆಯನ್ನು 5 ಚದರ ಸೆಂಟಿಮೀಟರ್ ಜಾಗದಲ್ಲಿ ಹರಡಿದರೆ 2 ಮಿಲಿಮೀಟರ್ ದಪ್ಪವಾಗುತ್ತದೆ. ಮುಖದ ಮೇಲೆ 2 ಮಿಲಿಮೀಟರ್ ಸಣ್ಣದಲ್ಲ.

ಲೋಳೆಯ ಆಯ್ಕೆಗೆ ಬರೋಣ. ಜೋನಿಬೆಲ್ಲವನ್ನೂ ಚೆನ್ನಾಗಿ ಹೆಪ್ಪುಗಟ್ಟಿದ ಮೊಸರನ್ನೂ ಒಂದೊಂದು ಬಟ್ಟಲಿನಲ್ಲಿಟ್ಟು ನೋಡಿರಿ. ಬಟ್ಟಲನ್ನು ವಾಲಿಸಿದರೆ ಬೆಲ್ಲವು ನಿಧಾನವಾಗಿಯಾದರೂ ಹರಿದೇ ಹರಿಯುತ್ತದೆ. ಅದಕ್ಕೆ ಸ್ನಿಗ್ಧತೆಯುಂಟು, ಆಕಾರವಿಲ್ಲ. ಮೊಸರನ್ನು ಮೆಲ್ಲನೆ ಅಲುಗಿಸಿದರೆ ಕಂಪಿಸಿ ಮೊದಲಿನ ಆಕಾರಕ್ಕೆ ಮರಳುತ್ತದೆ; ಅದಕ್ಕೆ ಸ್ಥಿತಿಸ್ಥಾಪಕತ್ವವುಂಟು. ಕೆನ್ನೆಗೆ ಬೇಕಾದುದು ಈ ಎರಡನೆಯ ಗುಣ. ನಾವು ನಗುವಾಗ, ಅಗಿಯುವಾಗ, ದಿಂಬಿಗೆ ಒರಗುವಾಗ ಕೆನ್ನೆಯು ಒತ್ತಲ್ಪಡುತ್ತದೆ. ಒತ್ತಡ ತೆಗೆದೊಡನೆ ಲೋಳೆಯು ತನ್ನ ಎತ್ತರಕ್ಕೆ ಮರಳಬೇಕು. ಈ ಬಿಗಿತವನ್ನು ಪಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ಮೃದು ಲೋಳೆಗಳದು ಕೆಲವು ಹತ್ತು ಪಾಸ್ಕಲ್, ಗಟ್ಟಿಯಾದವುಗಳದು ಕೆಲವು ನೂರು. ಮೂಳೆಯ ಮೇಲೆ ಆಳದಲ್ಲಿ ಇಡುವುದಕ್ಕೆ ಗಟ್ಟಿಯಾದುದು, ಚರ್ಮಕ್ಕೆ ಸಮೀಪದಲ್ಲಿ ಮೃದುವಾದುದು ತಕ್ಕದ್ದು. ಅದಲುಬದಲಾದರೆ ಮೇಲೆ ಗಂಟು ಕಾಣುತ್ತದೆ, ಇಲ್ಲವೆ ಕೆಳಗೆ ಆಧಾರ ಸಾಲದು. ಮೊಸರನ್ನು ಕಡೆದರೆ ತೆಳ್ಳಗಾಗುವಂತೆ ಈ ಲೋಳೆಯೂ ಸೂಜಿಯಲ್ಲಿ ನುಗ್ಗುವಾಗ ತೆಳುವಾಗುತ್ತದೆ. ಆದರೆ ಕಡೆದ ಮೊಸರು ಮತ್ತೆ ಗಟ್ಟಿಯಾಗದು. ಲೋಳೆಯು ಒಳಸೇರಿದ ಮೇಲೆ ಬಿಗಿತವನ್ನು ಮತ್ತೆ ಪಡೆಯುತ್ತದೆ.

ಬೇರೆ ಪದಾರ್ಥಗಳೂ ಇವೆ. ಮೂಳೆಯ ಖನಿಜವನ್ನು ಹೋಲುವ ಕ್ಯಾಲ್ಸಿಯಂ ಸಂಯುಕ್ತದ ಸೂಕ್ಷ್ಮ ಗೋಲಿಗಳು ಒಂದು. ಶಸ್ತ್ರಚಿಕಿತ್ಸೆಯಲ್ಲಿ ತಾನಾಗಿ ಕರಗುವ ಹೊಲಿಗೆದಾರಕ್ಕೆ ಬಳಸುವ ಪಾಲಿಲ್ಯಾಕ್ಟಿಕ್ ಆಮ್ಲ ಇನ್ನೊಂದು, ಎಚ್.ಐ.ವಿ. ಪೀಡಿತರ ಬತ್ತಿದ ಕೆನ್ನೆಗಳಿಗಾಗಿ 2004ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಇದನ್ನೆಲ್ಲ ಬರಿಯ ಶೋಕಿಯೆಂದು ತಳ್ಳಿಹಾಕುವವರು ಆ ರೋಗಿಗಳನ್ನು ನೆನೆಯಬೇಕು. ಹಯಲ್ಯೂರಾನಿಕ್ ಆಮ್ಲಕ್ಕೆ ಮಾತ್ರ ಒಂದು ಹೆಚ್ಚಿನ ಸೌಲಭ್ಯವುಂಟು. ಹಯಲ್ಯೂರಾನಿಡೇಸ್ ಎಂಬ ಕಿಣ್ವವನ್ನು ಚುಚ್ಚಿದರೆ ಅದು ಕರಗಿಹೋಗುತ್ತದೆ. ಕ್ಯಾಲ್ಸಿಯಂ ಗೋಲಿಗಳಿಗಾಗಲಿ, ಕೊಬ್ಬಿಗಾಗಲಿ, ಸಿಲಿಕೋನಿಗಾಗಲಿ ಇಂತಹ ಪರಿಹಾರವಿಲ್ಲ. ನಮ್ಮ ದೃಷ್ಟಿಯಲ್ಲಿ ಬಾಳಿಕೆಗಿಂತ ಇದೇ ದೊಡ್ಡ ಗುಣ. ಕಾರಣವನ್ನು ಸೂಜಿಯ ಲೆಕ್ಕವು ತಿಳಿಸುತ್ತದೆ.

ಕಿರುಗೊಳವೆಯಲ್ಲಿ ದ್ರವದ ಹರಿವನ್ನು ಕುರಿತ ನಿಯಮವನ್ನು ಕಂಡ ಫ್ರಾನ್ಸಿನ ಪ್ವಾಜೆಯ್ ಎಂಬಾತನು ವೃತ್ತಿಯಿಂದ ವೈದ್ಯನೇ ಆಗಿದ್ದನು. ಗೊಳವೆಯ ವ್ಯಾಸ ಅರ್ಧವಾದರೆ ಅದೇ ವೇಗದಲ್ಲಿ ಅಷ್ಟೇ ದ್ರವವನ್ನು ನೂಕಲು 16 ಪಟ್ಟು ಒತ್ತಡ ಬೇಕು. ಲೋಳೆಯು ಈ ನಿಯಮವನ್ನು ಚಾಚೂತಪ್ಪದೆ ಪಾಲಿಸದಿದ್ದರೂ, ಸಣ್ಣ ಸೂಜಿಗೆ ಹೆಚ್ಚು ಬಲ ಬೇಕೆಂಬುದು ನಿಜ. 1 ಮಿಲಿಲೀಟರಿನ ಸಿರಿಂಜಿನ ಕೊಂತದ ವಿಸ್ತೀರ್ಣ ಸುಮಾರು 0.2 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಹೆಬ್ಬೆರಳಿನಿಂದ ಒಂದು ಕಿಲೋಗ್ರಾಂ ತೂಕದಷ್ಟು ಬಲ ಹಾಕಿದರೆ ಒಳಗೆ ಸುಮಾರು 5 ವಾಯುಮಂಡಲದ ಒತ್ತಡ ಉಂಟಾಗುತ್ತದೆ. ಪಾದರಸದ ಲೆಕ್ಕದಲ್ಲಿ ಸುಮಾರು 3,700 ಮಿಲಿಮೀಟರ್. ನಮ್ಮ ಅಪಧಮನಿಗಳಲ್ಲಿ ಹೃದಯವು ಹುಟ್ಟಿಸುವ ಒತ್ತಡ ಸುಮಾರು 120 ಮಿಲಿಮೀಟರ್. ಸಿರಿಂಜಿನ ಒತ್ತಡದಲ್ಲಿ ಬಹುಪಾಲು ಸೂಜಿಯೊಳಗೇ ವ್ಯಯವಾಗುತ್ತದೆ, ನಿಜ. ಆದರೂ ಉಳಿದಷ್ಟು ಹೃದಯವನ್ನು ಮೀರಿಸಲು ಸಾಕಾಗಬಹುದು.

ಈಗ ಸೂಜಿಯ ತುದಿಯು ಅರಿಯದೆ ಅಪಧಮನಿಯೊಂದನ್ನು ಹೊಕ್ಕಿತೆನ್ನೋಣ. ಕೆನ್ನೆಯ ಮತ್ತು ಮೂಗಿನ ಬದಿಯ ಅಪಧಮನಿಗಳಿಗೂ ಕಣ್ಣಿನ ಅಪಧಮನಿಗೂ ಸಂಪರ್ಕವುಂಟು. ಜೋರಾಗಿ ಒತ್ತಿದರೆ ಲೋಳೆಯು ರಕ್ತಕ್ಕೆ ಎದುರಾಗಿ ಹಿಂದಕ್ಕೆ ಓಡುತ್ತದೆ. ಬೆರಳು ಸಡಿಲಿಸಿದೊಡನೆ ರಕ್ತವು ಅದನ್ನು ಮುಂದಕ್ಕೆ ತಳ್ಳಿ ಅಕ್ಷಿಪಟಲದ ಸಣ್ಣ ನಾಳಗಳಿಗೆ ಸಿಕ್ಕಿಸುತ್ತದೆ. ಹುಬ್ಬುಗಳ ನಡುವಿನಿಂದ ಕಣ್ಣಿನ ಗೂಡಿನ ಹಿಂಬದಿಯವರೆಗಿನ ಅಪಧಮನಿಯಲ್ಲಿ ಹಿಡಿಯುವ ದ್ರವ ಸರಾಸರಿ 0.08 ಮಿಲಿಲೀಟರ್ ಎಂದು ಮೃತದೇಹಗಳ ಮೇಲಿನ ಅಳತೆಯಿಂದ ತಿಳಿದಿದೆ. ಒಂದು ಸಿರಿಂಜಿನ ಹನ್ನೆರಡನೆಯ ಒಂದು ಪಾಲು! ಕುರುಡುತನ ವಿರಳವಾದರೂ, ಸಂಭವಿಸಿದವರಲ್ಲಿ ದೃಷ್ಟಿ ಮರಳುವುದು ಇನ್ನೂ ವಿರಳ.

ಚುಚ್ಚುವ ವಿಧಾನಗಳೆಲ್ಲ ಈ ಭಯದಿಂದಲೇ ರೂಪುಗೊಂಡಿವೆ. ಒಂದು ವಿಧಾನದಲ್ಲಿ ಚೂಪಾದ ಸೂಜಿಯನ್ನು ಕೆನ್ನೆಮೂಳೆಗೆ ತಾಗುವವರೆಗೆ ನೇರವಾಗಿ ಇಳಿಸಿ, ಮೂಳೆಯ ಮೇಲೆಯೇ ಸಣ್ಣ ಹನಿಗಳನ್ನಿಡುತ್ತಾರೆ. ಇನ್ನೊಂದರಲ್ಲಿ ಕ್ಯಾನುಲ ಎಂಬ ಮೊಂಡುತುದಿಯ ಗೊಳವೆಯನ್ನು ಒಂದೇ ರಂಧ್ರದಿಂದ ತೂರಿಸಿ, ಹಿಂದಕ್ಕೆ ಎಳೆಯುತ್ತ ಎಳೆಯಂತೆ ಲೋಳೆಯನ್ನು ಬಿಡುತ್ತಾರೆ. ಮೊಂಡುತುದಿಯು ನಾಳವನ್ನು ಸೀಳದೆ ಪಕ್ಕಕ್ಕೆ ಸರಿಸುತ್ತದೆ. ಆದರೆ ಕ್ಯಾನುಲ ತೀರ ಸಣ್ಣದಾದರೆ ಈ ಅನುಕೂಲ ತಪ್ಪುತ್ತದೆ. ಬಲವು ಅಲ್ಪ ಜಾಗದಲ್ಲಿ ಕೇಂದ್ರೀಕೃತವಾಗಿ ಅದೂ ಸೂಜಿಯಂತೆಯೇ ಚುಚ್ಚುತ್ತದೆ. ಕಣ್ಣಿನ ಗೂಡಿನ ಕೆಳ ಅಂಚಿನಿಂದ ಸುಮಾರು 1 ಸೆಂಟಿಮೀಟರ್ ಕೆಳಗೆ ನಾಳವೊಂದು ಮೂಳೆಯ ರಂಧ್ರದಿಂದ ಹೊರಬರುತ್ತದೆ; ಬಲ್ಲವರು ಅಲ್ಲಿ ವಿಶೇಷ ಎಚ್ಚರ ವಹಿಸುತ್ತಾರೆ. ವಿಧಾನ ಯಾವುದಾದರೂ ನಿಧಾನವಾಗಿ, ಒಂದು ಸಲಕ್ಕೆ ಹತ್ತನೆಯ ಒಂದು ಮಿಲಿಲೀಟರಿಗೆ ಮೀರದಂತೆ ಬಿಡುವುದು ಕ್ಷೇಮ.

ಚರ್ಮದ ನಾಳ ಮುಚ್ಚಿದರೆ ಆ ಭಾಗ ತಟ್ಟನೆ ಬಿಳಿಚುತ್ತದೆ, ಅನಂತರ ಬಲೆಯಂತಹ ನೀಲಿ ಗೆರೆಗಳು ಮೂಡುತ್ತವೆ, ನೋವು ಹೆಚ್ಚುತ್ತದೆ. ಆಗ ಕೆಲವು ಗಂಟೆಗಳೊಳಗೆ ಹಯಲ್ಯೂರಾನಿಡೇಸ್ ಕೊಟ್ಟರೆ ಚರ್ಮ ಬಹುಮಟ್ಟಿಗೆ ಉಳಿಯುತ್ತದೆ. ಅಕ್ಷಿಪಟಲಕ್ಕಾದರೋ ಬಹಳವೆಂದರೆ ಒಂದೂವರೆ ಗಂಟೆ. ಅಷ್ಟೂ ದೊರೆಯುವ ಭರವಸೆಯಿಲ್ಲ. ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿಗೆ ಸುಮಾರು 40 ಕಿಲೋಮೀಟರ್. ಅಫಜಲಪುರ ಇನ್ನೂ ದೂರ. ಯಾವುದೋ ಬ್ಯೂಟಿ ಪಾರ್ಲರಿನಲ್ಲಿ ಚುಚ್ಚಿಸಿಕೊಂಡು ಕಣ್ಣು ಮಂಜಾದ ಮೇಲೆ ವಾಹನ ಹುಡುಕಿ ಹೊರಟರೆ, ವೈದ್ಯರ ಮುಂದೆ ಕುಳಿತುಕೊಳ್ಳುವ ಹೊತ್ತಿಗೆ ಆ ಅವಧಿ ಮುಗಿದಿರುತ್ತದೆ. ಆದುದರಿಂದ ಕುರ್ಚಿಯಲ್ಲಿ ಕುಳಿತುಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ. ಚುಚ್ಚುವವರು ನೋಂದಾಯಿತ ವೈದ್ಯರೇ, ಈ ಕೆಲಸದಲ್ಲಿ ತರಬೇತಿ ಪಡೆದವರೇ? ಪೊಟ್ಟಣದ ಮೇಲೆ ಪದಾರ್ಥದ ಹೆಸರೂ ತಯಾರಿಕೆಯ ಸಂಖ್ಯೆಯೂ ಇವೆಯೇ? ಹಯಲ್ಯೂರಾನಿಡೇಸಿನ ಸೀಸೆ ಅದೇ ಕೋಣೆಯಲ್ಲಿದೆಯೇ? ಇದೆಯೆಂದರೆ, ಅದನ್ನು ತೋರಿಸಿರೆಂದು ಕೇಳುವುದರಲ್ಲಿ ಸಂಕೋಚ ಬೇಡ.