ಒಂದೇ ನಗರಕ್ಕೆ ಆರು ಸೊನ್ನೆ!

ಬೆಟ್ಟದ ಎತ್ತರ ಸಾವಿರ ಮೀಟರ್ ಎಂದರೆ ಎಲ್ಲಿಂದ ಸಾವಿರ ಮೀಟರ್? ಸಮುದ್ರಮಟ್ಟದಿಂದ ಎಂದು ಶಾಲೆಯ ಮಕ್ಕಳು ಥಟ್ಟನೆ ಹೇಳುತ್ತಾರೆ. ಅಳತೆ ಶುರುವಾಗುವ ಆ ಮಟ್ಟವೇ ‘ಸೊನ್ನೆ’. ಒಂದೇ ಊರಿನಲ್ಲಿ ಭಾಗಕ್ಕೊಂದು ಸೊನ್ನೆ ಇದ್ದರೆ? ಇದು ಕಟ್ಟುಕತೆಯಲ್ಲ. ಅಮೆರಿಕದ ನ್ಯೂಯಾರ್ಕ್ ಮಹಾನಗರದಲ್ಲಿ ಹೀಗೆಯೇ ಆಗಿತ್ತು.

ಮ್ಯಾನ್‌ಹಟನ್, ಬ್ರಾಂಕ್ಸ್, ಬ್ರೂಕ್ಲಿನ್, ಕ್ವೀನ್ಸ್, ಸ್ಟ್ಯಾಟನ್ ಐಲೆಂಡ್ ಎಂಬ ಐದು ಭಾಗಗಳು 1898ರಲ್ಲಿ ಒಂದೇ ಆಡಳಿತಕ್ಕೆ ಸೇರಿದವು. ಆದರೆ ಎತ್ತರ ಅಳೆಯುವ ಅವುಗಳ ಸೊನ್ನೆಗಳು ಬೇರೆ ಬೇರೆಯಾಗಿಯೇ ಉಳಿದವು. ಮ್ಯಾನ್‌ಹಟನ್ನಿನ ಸೊನ್ನೆ ಸ್ಯಾಂಡಿ ಹುಕ್ ಎಂಬಲ್ಲಿನ ಸರಾಸರಿ ಸಮುದ್ರಮಟ್ಟಕ್ಕಿಂತ ಸುಮಾರು 2.75 ಅಡಿ ಮೇಲಿತ್ತು. ಬ್ರೂಕ್ಲಿನ್ನಿನದು ಇನ್ನೂ ವಿಚಿತ್ರ. ಅಲ್ಲಿ ರಸ್ತೆಯವರ ಸೊನ್ನೆ 2.56 ಅಡಿ ಮೇಲಿದ್ದರೆ, ಒಳಚರಂಡಿಯವರ ಸೊನ್ನೆ 1.72 ಅಡಿ ಮೇಲಿತ್ತು. ಅಂತೂ ಐದು ಭಾಗಗಳಿಗೆ ಆರು ಸೊನ್ನೆ!

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಬ್ರೂಕ್ಲಿನ್ನಿನ ಒಂದು ಬೀದಿಯ ಮಟ್ಟ ರಸ್ತೆಯವರ ನಕ್ಷೆಯಲ್ಲಿ 20 ಅಡಿ ಎಂದಿದ್ದರೆ, ಒಳಚರಂಡಿಯವರ ನಕ್ಷೆಯಲ್ಲಿ ಅದೇ ಜಾಗ 20.84 ಅಡಿ. ಇಬ್ಬರೂ ಸರಿಯಾಗಿಯೇ ಅಳೆದಿದ್ದಾರೆ, ಆದರೂ ಹತ್ತು ಅಂಗುಲದ ವ್ಯತ್ಯಾಸ. ಒಳಚರಂಡಿಯ ನೀರು ಇಳಿಜಾರನ್ನೇ ನಂಬಿ ಹರಿಯುವಂಥದು. ಎರಡು ನಕ್ಷೆಗಳನ್ನು ಸೊನ್ನೆ ನೋಡದೆ ಬೆರೆಸಿದರೆ ಕೊಳವೆ ಏರಬೇಕಾದಲ್ಲಿ ಇಳಿದೀತು, ಇಳಿಯಬೇಕಾದಲ್ಲಿ ಏರೀತು.

ವಿಳಾಸದ ಗೋಜಲು

ಎತ್ತರದ ಕತೆ ಹೀಗಾದರೆ ವಿಳಾಸದ್ದು ಮತ್ತೊಂದು ಕತೆ. ‘5ನೇ ಅಡ್ಡರಸ್ತೆ’ ಎಂದಷ್ಟೇ ಬರೆದರೆ ಬೆಂಗಳೂರಿನ ಅಂಚೆಯವರು ಯಾವ ಬಡಾವಣೆ ಎಂದು ಕೇಳುವುದು ಸಹಜ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ 60ನೇ ಸ್ಟ್ರೀಟ್, 60ನೇ ಅವೆನ್ಯೂ, 60ನೇ ರೋಡ್, 60ನೇ ಡ್ರೈವ್, 60ನೇ ಲೇನ್, 60ನೇ ಪ್ಲೇಸ್ ಎಲ್ಲವೂ ಇವೆ! ಬ್ರಾಡ್‌ವೇ ಎಂಬ ಹೆಸರಿನ ರಸ್ತೆ ನಗರದ ಒಂದಕ್ಕಿಂತ ಹೆಚ್ಚು ಭಾಗಗಳಲ್ಲಿದೆ. ಇದಕ್ಕೆ ತದ್ವಿರುದ್ಧವಾಗಿ, ಒಂದೇ ರಸ್ತೆಗೆ ಎರಡು ಹೆಸರಿರುವುದೂ ಉಂಟು. ಮ್ಯಾನ್‌ಹಟನ್ನಿನ ಆರನೇ ಅವೆನ್ಯೂವಿಗೆ 1945ರಲ್ಲಿ ‘ಅವೆನ್ಯೂ ಆಫ್ ದಿ ಅಮೆರಿಕಾಸ್’ ಎಂದು ನಾಮಕರಣವಾಯಿತು. ಜನ ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ.

ಮನುಷ್ಯರು ಇಂಥದನ್ನು ಊಹಿಸಿ ಸರಿಪಡಿಸಿಕೊಳ್ಳುತ್ತಾರೆ. ಗಣಕಯಂತ್ರಕ್ಕೆ ಊಹೆ ಬಾರದು. ತೆರಿಗೆಯವರ ಕಡತದಲ್ಲಿ ಒಂದು ಹೆಸರು, ಅಗ್ನಿಶಾಮಕದವರ ಕಡತದಲ್ಲಿ ಇನ್ನೊಂದು ಹೆಸರು ಇದ್ದರೆ ಅದು ಎರಡು ಕಟ್ಟಡಗಳೆಂದೇ ಎಣಿಸುತ್ತದೆ.

ಇದಕ್ಕೆ ಮದ್ದು ಸಂಖ್ಯೆ. ನ್ಯೂಯಾರ್ಕಿನ ಪ್ರತಿ ನಿವೇಶನಕ್ಕೂ ಹತ್ತು ಅಂಕಿಗಳ ಗುರುತಿದೆ. ಮೊದಲ ಅಂಕಿ ನಗರದ ಭಾಗವನ್ನು, ಮುಂದಿನ ಐದು ಅಂಕಿಗಳು ಬ್ಲಾಕನ್ನು, ಕೊನೆಯ ನಾಲ್ಕು ನಿವೇಶನವನ್ನು ಸೂಚಿಸುತ್ತವೆ. ಜಗತ್ಪ್ರಸಿದ್ಧ ಎಂಪೈರ್ ಸ್ಟೇಟ್ ಕಟ್ಟಡದ ಗುರುತು 1008350041. ಅಂದರೆ ಮ್ಯಾನ್‌ಹಟನ್, 835ನೇ ಬ್ಲಾಕು, 41ನೇ ನಿವೇಶನ. ರಸ್ತೆಯ ಹೆಸರು ಬದಲಾದರೂ ಈ ಗುರುತಿಗೆ ಧಕ್ಕೆಯಿಲ್ಲ. ರಸ್ತೆಗಳಿಗೂ ಹೀಗೆಯೇ ಸಂಕೇತಗಳನ್ನು ಕೊಡಲಾಗಿದೆ.

ಎಲ್ಲರಿಗೂ ಒಂದೇ ತಳನಕ್ಷೆ

ನೆಲದಡಿಯ ನೀರಿನ ಕೊಳವೆ, ಒಳಚರಂಡಿಗಳನ್ನು ಗುರುತಿಸುವ ಅಗತ್ಯದಿಂದ 1990ರ ದಶಕದಲ್ಲಿ ದೊಡ್ಡ ಕೆಲಸವೊಂದು ನಡೆಯಿತು. ವಿಮಾನದಿಂದ ಇಡೀ ನಗರದ ಛಾಯಾಚಿತ್ರಗಳನ್ನು ತೆಗೆದು, ಅವುಗಳ ಓರೆಕೋರೆಗಳನ್ನು ತಿದ್ದಿ, ರಸ್ತೆಯ ಅಂಚು, ಕಟ್ಟಡದ ಹೊರರೇಖೆ ಕಾಣುವಂಥ ಒಂದೇ ತಳನಕ್ಷೆಯನ್ನು ಸಿದ್ಧಪಡಿಸಲಾಯಿತು.

ಒಂದರ ಮೇಲೊಂದು ಪಾರದರ್ಶಕ ಹಾಳೆಗಳನ್ನು ಇಟ್ಟಂತೆ ಇದರ ಬಳಕೆ. ತಳದಲ್ಲಿ ಈ ನಕ್ಷೆ. ಅದರ ಮೇಲೆ ಕೊಳವೆಗಳ ಹಾಳೆ, ಶಾಲೆಗಳ ಹಾಳೆ, ಆಸ್ಪತ್ರೆಗಳ ಹಾಳೆ. ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿ.ಐ.ಎಸ್., ಎನ್ನುವುದು ಇದನ್ನೇ. ತಳದ ಹಾಳೆ ಒಂದೇ ಆಗಿದ್ದರೆ ಮಾತ್ರ ಮೇಲಿನವು ತಾಳೆಯಾಗುತ್ತವೆ. ಇಲಾಖೆಗೊಂದು ತಳಹಾಳೆ ಇದ್ದರೆ ಕೊಳವೆ ಕಾಗದದ ಮೇಲೆ ಯಾರದೋ ಮನೆಯೊಳಗೆ ಹಾದುಹೋದೀತು.

ಪರೀಕ್ಷೆಯ ದಿನ

ಈ ಶ್ರಮದ ಬೆಲೆ ತಿಳಿದದ್ದು 2001ರ ಸೆಪ್ಟೆಂಬರ್ 11ರಂದು. ಭಯೋತ್ಪಾದಕರ ದಾಳಿಗೆ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು ಕುಸಿದವು. ನಗರದ ತುರ್ತು ಕಾರ್ಯಾಚರಣೆಯ ಕೇಂದ್ರ ಇದ್ದದ್ದು ಅದೇ ಆವರಣದ ಏಳನೇ ಕಟ್ಟಡದಲ್ಲಿ. ಸಂಜೆಯ ಹೊತ್ತಿಗೆ ಅದೂ ನೆಲಸಮವಾಯಿತು. ನಕ್ಷೆ ಬೇಕಾದ ಹೊತ್ತಿಗೇ ನಕ್ಷೆಯ ಮನೆ ಇಲ್ಲವಾಯಿತು!

ಅದೃಷ್ಟಕ್ಕೆ ತಳನಕ್ಷೆಯ ಪ್ರತಿ ನಗರದ ಹಂಟರ್ ಕಾಲೇಜಿನಲ್ಲಿಯೂ ಇತ್ತು. ಹಡ್ಸನ್ ನದಿಯ ದಂಡೆಯ 92ನೇ ಹಡಗುಕಟ್ಟೆಯಲ್ಲಿ ತಾತ್ಕಾಲಿಕ ನಕ್ಷಾ ಕೇಂದ್ರ ತೆರೆಯಿತು. ಅವಶೇಷಗಳಡಿ ಬೆಂಕಿ ವಾರಗಟ್ಟಲೆ ಉರಿಯುತ್ತಲೇ ಇತ್ತು. ವಿಮಾನದಿಂದ ತೆಗೆದ ಉಷ್ಣಚಿತ್ರಗಳನ್ನು ತಳನಕ್ಷೆಯ ಮೇಲೆ ಕೂರಿಸಿ, ಬಿಸಿ ಎಲ್ಲಿದೆ ಎಂದು ಗುರುತಿಸಿ ಅಗ್ನಿಶಾಮಕ ಸಿಬ್ಬಂದಿಗೆ ಕೊಡಲಾಯಿತು. ಲೇಸರ್ ಕಿರಣಗಳಿಂದ ಅವಶೇಷದ ರಾಶಿಯ ಎತ್ತರವನ್ನು ಅಳೆಯಲಾಯಿತು. ನೆಲದಡಿಯ ಕೊಳವೆ, ತಂತಿಗಳು ಎಲ್ಲಿವೆಯೆಂಬ ಪ್ರಶ್ನೆಗೂ ನಕ್ಷೆಗಳೇ ಉತ್ತರವಾದವು. ಗಮನಿಸಬೇಕಾದದ್ದು ಇಷ್ಟೇ: ಆ ಗಡಿಬಿಡಿಯಲ್ಲಿ ತಳನಕ್ಷೆಯನ್ನು ಹೊಸದಾಗಿ ಮಾಡಲು ಯಾರಿಗೂ ಸಾಧ್ಯವಿರಲಿಲ್ಲ. ಹಿಂದೆಯೇ ಮಾಡಿಟ್ಟಿದ್ದು, ಎರಡು ಕಡೆ ಇಟ್ಟಿದ್ದು ಕೈಹಿಡಿಯಿತು.

ಇಂಥ ಮಾಹಿತಿ ಈಗ ಜನಸಾಮಾನ್ಯರಿಗೂ ದೊರೆಯುತ್ತದೆ. ಪಾಲಿಕೆಯ ಮಾಹಿತಿಯನ್ನು ಸಾರ್ವಜನಿಕರಿಗೆ ಒದಗಿಸಬೇಕೆಂಬ ಕಾನೂನನ್ನು ನ್ಯೂಯಾರ್ಕ್ 2012ರಲ್ಲಿ ಮಾಡಿತು. ಮೊದಲು ಹಣ ಕೊಟ್ಟು ಕೊಳ್ಳಬೇಕಾಗಿದ್ದ ನಿವೇಶನಗಳ ಮಾಹಿತಿಕೋಶ 2013ರಿಂದ ಉಚಿತವಾಗಿ ಸಿಗುತ್ತಿದೆ.

ಭೌತವಿಜ್ಞಾನದ ಪ್ರಯೋಗದಲ್ಲಿ ಉಪಕರಣದ ಶೂನ್ಯದೋಷವನ್ನು ಮೊದಲು ನೋಡಿ ಎಂದು ಅಧ್ಯಾಪಕರು ಪದೇ ಪದೇ ಹೇಳುವುದು ವಿದ್ಯಾರ್ಥಿಗಳಿಗೆ ಬೇಸರ ತರಿಸಬಹುದು. ಅಳತೆಯ ಸಂಖ್ಯೆಯನ್ನಷ್ಟೇ ಬರೆದು, ಎಲ್ಲಿಂದ ಅಳೆದದ್ದು ಎಂಬುದನ್ನು ಬಿಟ್ಟರೆ ಆ ಸಂಖ್ಯೆ ಅರ್ಧ ಸತ್ಯ. ವರ್ನಿಯರ್ ಕ್ಯಾಲಿಪರಿಗೆ ಅನ್ವಯಿಸುವ ಈ ನಿಯಮ ಎಂಬತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಮಹಾನಗರಕ್ಕೂ ಅನ್ವಯಿಸುತ್ತದೆ.