ಕಣ್ಣಿನಿಂದ ಕಲಿಯುವ ಮಕ್ಕಳು

ಕೊಲ್ಲಾಪುರ ಜಿಲ್ಲೆಯ ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದುದು 1904ರಲ್ಲಿ. ಮಗ್ಗದ ಅಬ್ಬರದಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮಂದವಾಗುವುದುಂಟು. ಹುಟ್ಟಿನಿಂದಲೋ ದುಡಿಮೆಯಿಂದಲೋ ತಂದೆತಾಯಿಗೆ ಕಿವಿ ಕೇಳದ ಮನೆಯ ಮಗು ಕೂಗಿ ಕರೆಯುವುದಿಲ್ಲ. ಹೆಗಲು ಮುಟ್ಟಿ, ಮುಖ ನೋಡಿ ಹೇಳುತ್ತದೆ. ಅದರ ಕಲಿಕೆಯೂ ಮೊದಲು ಕಣ್ಣಿನಿಂದಲೇ. ಕರಿಹಲಗೆಗೆ ಮುಖಮಾಡಿ ಹೇಳಿದ ಪಾಠ ಅದಕ್ಕೆ ಅರ್ಧವಷ್ಟೇ ದಕ್ಕೀತು.

ಗಡಹಿಂಗ್ಲಜದಂಥ ಗಡಿಯೂರಿನ ಕನ್ನಡ ಮನೆಯಲ್ಲಾದರೆ ಸನ್ನೆ, ಕನ್ನಡ, ಮರಾಠಿ ಎಂದು ಮೂರು ಭಾಷೆ. ಆಸ್ಪತ್ರೆ, ಬ್ಯಾಂಕುಗಳಲ್ಲಿ ದುಭಾಷಿಯೂ ಆ ಮಗುವೇ. ಮಲಯಾಳದ ಅರ್ಜಿಯನ್ನು ಅಜ್ಜನಿಗೆ ಓದಿ ಹೇಳುವ ನಮ್ಮ ಮಕ್ಕಳಿಗೆ ಈ ಹೊಣೆ ಅಪರಿಚಿತವಲ್ಲ. ಅದರಿಂದ ಜಾಣ್ಮೆ ಬರುತ್ತದೆ, ನಿಜ. ಆದರೆ ತಾಯಿಯ ರೋಗದ ಸುದ್ದಿಯನ್ನು ಹತ್ತು ವರ್ಷದ ಕೈಗಳು ಹೇಳಬೇಕೆ? ದೆಹಲಿಯಲ್ಲಿ 2015ರಲ್ಲಿ ಸನ್ನೆ ಭಾಷೆಯ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಗಿದೆ. ತರಬೇತಾದ ದುಭಾಷಿಗಳು ಗಡಿಯ ಆಸ್ಪತ್ರೆಗಳಿಗೂ ಬರಲಿ.