ಮುಚ್ಚಳ ತೆಗೆಯುವ ಮಾತು

ಕೊಳ್ಳೇಗಾಲದಿಂದ ಒಡೆಯರಪಾಳ್ಯದ ಕಡೆಗೆ ಹೊರಟರೆ ದಾರಿಯಲ್ಲಿ ಲೊಕ್ಕನಹಳ್ಳಿ. ಈ ಸೀಮೆಯ ಕಾಡುಗಳಲ್ಲಿ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು, ಇವೆ. ಜೇನು, ನೆಲ್ಲಿಕಾಯಿ, ಸೀಗೆಕಾಯಿ ಅಲ್ಲಿಂದಲೇ ಇಳಿದು ಬರುತ್ತವೆ. ಜೇನನ್ನು ಎದುರಿಗೆ ನಿಂತು ಮಾರುವುದು ಸುಲಭ. ಮುಚ್ಚಳ ತೆಗೆದು ಅಂಗೈಗೆ ಒಂದು ತೊಟ್ಟು ಬಿಟ್ಟರೆ ಅರ್ಧ ವ್ಯಾಪಾರ ಮುಗಿಯಿತು. ಅದೇ ಬಾಟಲಿಯನ್ನು ಬೆಂಗಳೂರಿನವರಿಗೆ ಆನ್‌ಲೈನಿನಲ್ಲಿ ಮಾರಹೊರಟರೆ ಅಂಗೈಯೂ ಇಲ್ಲ, ನಾಲಿಗೆಯೂ ಇಲ್ಲ. ಮುಚ್ಚಳ ತೆಗೆಯುವ ಕೆಲಸ ಅಕ್ಷರದ ಪಾಲಿಗೆ ಬರುತ್ತದೆ.

ಸಾಮಾನ್ಯವಾಗಿ ಕಾಣುವ ಬರಹ ಇದು: “100% ಶುದ್ಧ, ನೈಸರ್ಗಿಕ, ಉತ್ಕೃಷ್ಟ ಗುಣಮಟ್ಟದ ಜೇನುತುಪ್ಪ. ಪ್ರಕೃತಿಯ ಮಾಧುರ್ಯವನ್ನು ಅನುಭವಿಸಿ!” ಜೇನಿನ ಜಾಗದಲ್ಲಿ ಬೆಲ್ಲ ಬರೆಯಿರಿ, ವಾಕ್ಯಕ್ಕೆ ಏನೂ ಆಗುವುದಿಲ್ಲ. ಕಲಬೆರಕೆ ಮಾಡುವವನೂ ‘ಶುದ್ಧ’ ಎಂದೇ ಬರೆಯುತ್ತಾನೆ, ಕೊಳ್ಳುವವರಿಗೆ ಅದು ಗೊತ್ತು.

ಈಗ ಇದನ್ನು ನೋಡಿ: “ಹೆಜ್ಜೇನು. ಮೇ ತಿಂಗಳಲ್ಲಿ ಇಳಿಸಿದ್ದು. ಬಣ್ಣ ಕಡು, ನುಂಗಿದ ಮೇಲೆ ಗಂಟಲಲ್ಲಿ ತುಸು ಒಗರು ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದ್ದೇವೆ, ಕಾಯಿಸಿಲ್ಲ. ಚಳಿಗೆ ತಳದಲ್ಲಿ ಹರಳುಗಟ್ಟಬಹುದು. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಡಿ, ಕರಗುತ್ತದೆ.”

ಹೊಗಳಿಕೆಯ ಪದ ಒಂದೂ ಇಲ್ಲ. ಹರಳಿನ ಸಾಲನ್ನು ಇನ್ನೊಮ್ಮೆ ಓದಿ. ಜೇನಿನಲ್ಲಿರುವ ಗ್ಲೂಕೋಸ್ ತಾನಾಗಿಯೇ ಹರಳಾಗುತ್ತದೆ. ಗೊತ್ತಿಲ್ಲದವರು ಅದನ್ನು ಕಂಡೊಡನೆ ಸಕ್ಕರೆ ಪಾಕ ಬೆರೆಸಿದ್ದಾರೆ ಎಂದು ಬಾಟಲಿ ವಾಪಸ್ ಕಳಿಸುತ್ತಾರೆ. ದೋಷದಂತೆ ಕಾಣುವುದನ್ನು ನೀವೇ ಮೊದಲು ಹೇಳಿದಿರಿ, ಕಾರಣವೂ ಇದೆ; ಉಳಿದ ಸಾಲುಗಳಿಗೂ ನಂಬಿಕೆ ಬಂತು.

ಷರತ್ತು ಒಂದೇ: ಬರೆದದ್ದೆಲ್ಲ ನಿಜವಾಗಿರಬೇಕು. ಅದಕ್ಕೆ ಬರೆಯುವ ಮೊದಲು ಜೇನು ಕಿತ್ತವರ ಬಳಿ ಹೋಗಿ ಕೂರಬೇಕು. ಯಾವ ಮರ, ಯಾವ ಹೂವಿನ ಕಾಲ, ಹೇಗೆ ಸೋಸಿದರು? ಜಾಹೀರಾತು ಬರಹಗಾರ ಡೇವಿಡ್ ಒಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಜಾಹೀರಾತು ಬರೆಯುವ ಮುನ್ನ ಮೂರು ವಾರ ಆ ಕಾರಿನ ಬಗ್ಗೆ ಬರೀ ಓದಿದರು. ಕೊನೆಗೆ ತಲೆಬರಹಕ್ಕೆ ಹಿಡಿದದ್ದು ಒಂದು ಸಣ್ಣ ಸಂಗತಿ: ಗಂಟೆಗೆ 60 ಮೈಲಿ ವೇಗದಲ್ಲೂ ಕಾರಿನೊಳಗೆ ಎಲ್ಲಕ್ಕಿಂತ ಜೋರಾಗಿ ಕೇಳುವುದು ಗಡಿಯಾರದ ಸದ್ದು.

ಸೋಲಿಗರ ಹೆಸರನ್ನು ಬಾಟಲಿಗೆ ಅಂಟಿಸುವವರಿಗೆ ಒಂದು ಮಾತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ಸಿಕ್ಕವು. ಹೀಗೆ ಹಕ್ಕುಳ್ಳವರನ್ನು ‘ಕಾಡಿನ ಮುಗ್ಧ ಮಕ್ಕಳು’ ಎನ್ನುವ ಕರುಣೆಯ ಬರಹ ನನಗಂತೂ ಹಿಡಿಸದು. ಕಿಲೋಗೆ ಅವರ ಕೈಗೆ ಎಷ್ಟು ಹೋಯಿತು ಎಂದು ಬರೆಯಿರಿ. ಬರೆಯಲು ನಾಚಿಕೆಯಾದರೆ ದರ ತಿದ್ದಿಕೊಳ್ಳಿ.

ಬರೆಯಬಾರದ ಮಾತುಗಳೂ ಇವೆ. ‘ಸಕ್ಕರೆ ಕಾಯಿಲೆ ವಾಸಿ’ ಎಂದು ಬರೆದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಡ್ಡ ಬರುತ್ತದೆ. ಗೋದಾಮು ತುಂಬಿರುವಾಗ ‘ಎರಡೇ ಬಾಟಲಿ ಉಳಿದಿವೆ’ ಎಂದು ಅವಸರಪಡಿಸುವುದನ್ನೂ ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ.

ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು, ಬೊಟುಲಿಸಂ ಎಂಬ ಕಾಯಿಲೆಯ ಭಯವಿದೆ. ವ್ಯಾಪಾರ ಕೆಟ್ಟೀತೆಂದು ಆ ಎಚ್ಚರಿಕೆಯ ಸಾಲನ್ನು ಮಾತ್ರ ಬಿಡಬೇಡಿ. ದಪ್ಪ ಅಕ್ಷರದಲ್ಲಿ, ಬೆಲೆಯ ಪಕ್ಕದಲ್ಲೇ ಹಾಕಿ.